ದಾರಿಗೆ ಬೆನ್ನು ಹಾಕಿ ಕೂತ ಕೂಸು

ಮಸ್ಕತ್‌ನಲ್ಲಿ ಎಂತ ನೋಡಿದೆ ಎಂದು ಕುಮಟೆಯ ನಮ್ಮ ಬ್ಯಾಂಕಿನಲ್ಲಿ ಎಲ್ಲರೂ ಕೇಳುತ್ತಾರೆ. ಕೋಟೆ, ಸಮುದ್ರ, ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡ ಎಂದು ಹೇಳಿ ಮುಗಿಸುತ್ತೇನೆ. ಕೇಳಿದವರಿಗೂ ಅಷ್ಟು ಸಾಕಾಗುತ್ತದೆ. ಆದರೆ ಶಿರಾಲಿಯಿಂದ ಕುಮಟೆಗೆ ಬಸ್ಸಿನಲ್ಲಿ ಹೋಗುವಾಗ ಎದುರಿಗೆ ಅದಿರಿನ ಲಾರಿ ಗಕ್ಕನೆ ನಿಂತು ನಮ್ಮ ಡ್ರೈವರ್ ಬ್ರೇಕ್ ಒತ್ತಿದರೆ ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಪಕ್ಕದಲ್ಲಿ ಕೂತವರು ಬೆಚ್ಚಿ ನೋಡುತ್ತಾರೆ. ಒಮ್ಮೆ ಕಾಸರಕೋಡದಲ್ಲಿ ಹತ್ತಿದ ಮೀನು ಮಾರುವ ಹೆಂಗಸು, "ನನ್ನ ಬುಟ್ಟಿ ಬೀಳ್ತದೆ ಅಂತ ಹಿಡಿದ್ರಾ ಅಕ್ಕಾ? ಅದ್ರಲ್ಲಿ ಎಂತದೂ ಇಲ್ಲ, ಎಲ್ಲಾ ಮಾರಿ ಆತು" ಎಂದು ನಕ್ಕಳು. ನಾನೂ ನಕ್ಕೆ. ಆ ಕೈ ಯಾವುದನ್ನು ಹಿಡಿಯಲು ಹೋಗಿತ್ತು ಎಂದು ಅವಳಿಗೆ ಹೇಳುವುದಾದರೆ ಭಟ್ಕಳ ಸ್ಟೇಷನ್ನಿನಿಂದ ಶುರು ಮಾಡಬೇಕು.

ಭಟ್ಕಳದಿಂದ ಹೊರಟಿದ್ದು

ನನ್ನ ತಂಗಿ ಸವಿತಾ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಗಣಪತಿ ಅಲ್ಲಿಯದೇ ಬಂದರಿನಲ್ಲಿ ಸರಕು ಇಳಿಸುವ ಕಡೆ ಮೇಲ್ವಿಚಾರಕ. ಅವಳಿಗೆ ಹೆಣ್ಣು ಕೂಸು ಹುಟ್ಟಿದಾಗ ನಮ್ಮ ವೀಸಾ ಇನ್ನೂ ಬಂದಿರಲಿಲ್ಲ. ಬಾಣಂತನಕ್ಕೆಂದು ನಮ್ಮ ತಾಯಿ ಅವ್ವಿಯನ್ನು ಕರೆದುಕೊಂಡು ನಾನು ಹೊರಡುವ ಹೊತ್ತಿಗೆ ಕೂಸಿಗೆ ಆಗಲೇ ಹದಿನೈದು ದಿನ ದಾಟಿತ್ತು. ನಾವು ಹೋಗುವುದು ಬಾಣಂತನಕ್ಕೆ ಮಾತ್ರ ಆಗಿರಲಿಲ್ಲ. ಸವಿತಾಳ ರಜೆ ಮುಗಿದ ಮೇಲೆ ಕೂಸನ್ನು ನಾವೇ ಶಿರಾಲಿಗೆ ಕರೆದುಕೊಂಡು ಬರುವುದು, ಒಂದು ವರ್ಷ ಅದು ಅವ್ವಿಯ ಹತ್ತಿರ ಬೆಳೆಯುವುದು, ನಡೆಯಲು ಕಲಿತ ಮೇಲೆ ಅವಳು ಬಂದು ಕರೆದುಕೊಂಡು ಹೋಗುವುದು ಎಂದು ಫೋನಿನಲ್ಲೇ ಮಾತಾಗಿತ್ತು. ಅಲ್ಲಿಯ ನರ್ಸುಗಳಲ್ಲಿ ತುಂಬ ಜನ ಹೀಗೆಯೇ ಮಾಡುತ್ತಾರಂತೆ.

ಅವ್ವಿ ಕಟ್ಟಿಕೊಂಡ ಗಂಟಿನಲ್ಲಿ ಬಾಣಂತಿ ಲೇಹ್ಯ, ಕೊಬ್ಬರಿ ಎಣ್ಣೆ, ಒಣ ಸಿಗಡಿ ಇದ್ದವು. ಎಲ್ಲದರ ಮೇಲೆ ಒಂದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅವಳೇ ಹೊಲಿದದ್ದು. ನಾನೂ ಸವಿತಾಳೂ ಮಲಗಿ ಬೆಳೆದ ಕೌದಿ ಅದು. ಮುಂಬೈಯ ವಿಮಾನ ನಿಲ್ದಾಣದಲ್ಲಿ ಸಿಗಡಿಯನ್ನು ಬಿಟ್ಟರು, ಕೌದಿಯನ್ನು ಬಿಚ್ಚಿಸಿದರು. ಅದರೊಳಗೆ ಏನಿದೆ ಎಂದು ಕೇಳಿದ ಅಧಿಕಾರಿಗೆ ಅವ್ವಿ, "ಸೀರೆ. ಅದ್ರೊಳಗೆ ಸೀರೆ. ಅದ್ರೊಳಗೂ ಸೀರೆ" ಎಂದಳು. ನಾನು ಹಿಂದಿಯಲ್ಲಿ ಹೇಳುವ ಮೊದಲೇ ಅವನು ಕೈಬೀಸಿ ಕಳಿಸಿದ.

ಮಸ್ಕತ್, ನಿಲ್ದಾಣದ ಹೊರಗೆ

ಅವ್ವಿ ಮೊಮ್ಮಗಳಿಗಿಂತ ಮೊದಲು ನೋಡಿದ್ದು ಮೊಮ್ಮಗಳ ಕುರ್ಚಿಯನ್ನು. ಗಣಪತಿ ಒಬ್ಬನೇ ಕಾರು ತಂದಿದ್ದ. ಹಿಂದಿನ ಸೀಟಿನ ಒಂದು ಬದಿಗೆ ಹಿಡಿಕೆಯಿದ್ದ ದೊಡ್ಡ ಬುಟ್ಟಿಯಂಥದೊಂದು ಕೂತಿತ್ತು. ಕಾರಿನ ಬೆಲ್ಟೇ ಅದನ್ನು ಸುತ್ತಿ ಹಿಡಿದಿತ್ತು. ಅದರ ಬೆನ್ನು ಡ್ರೈವರನ ಕಡೆಗೆ, ಮುಖ ಹಿಂದಿನ ಗಾಜಿನ ಕಡೆಗೆ.

"ಇದೆಂತಕ್ಕೆ ಉಲ್ಟಾ ಕೂಂತದೆ?" ಎಂದು ಅವ್ವಿ ಕೇಳಿದಳು.

ಸಣ್ಣ ಮಕ್ಕಳನ್ನು ಹಾಗೆಯೇ ಕೂರಿಸುವುದು ಎಂದು ಗಣಪತಿ ವಿವರಿಸಿದ. ಕುತ್ತಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಗಾಡಿ ಗಕ್ಕನೆ ನಿಂತರೆ ತಲೆ ಮುಂದಕ್ಕೆ ಎಗರುತ್ತದೆ, ಹಿಮ್ಮುಖವಾಗಿ ಕೂತರೆ ಬೆನ್ನು ತಲೆ ಎಲ್ಲವನ್ನೂ ಕುರ್ಚಿಯೇ ತಡೆದುಕೊಳ್ಳುತ್ತದೆ. ಅವ್ವಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಿವಿಯಲ್ಲಿ, ಮಗ್ಗಿ ತಪ್ಪಿದವರನ್ನು ಶಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರಲ್ಲ, ಹಾಗೆ ಕಾಣುತ್ತದೆ ಎಂದಳು.

ಆ ಊರಿನ ರಸ್ತೆ ನಮ್ಮ ಹೆದ್ದಾರಿಯಂತಲ್ಲ. ಗುಂಡಿಯಿಲ್ಲ, ದನವಿಲ್ಲ, ಅಂಗಡಿಯ ಚಾವಣಿ ರಸ್ತೆಗೆ ಬಂದಿಲ್ಲ. ಇಷ್ಟು ನುಣುಪು ದಾರಿಗೆ ಬೆಲ್ಟು ಯಾಕೆ ಎಂದು ನನಗೂ ಅನಿಸಿತು. ದಾರಿ ನುಣುಪಾಗಿದ್ದಷ್ಟೂ ಗಾಡಿ ಜೋರಾಗಿ ಓಡುತ್ತದೆ ಎಂಬುದು ಹೊಳೆಯಲಿಲ್ಲ.

ರೂವಿಯ ಮನೆ

ಅವರ ಮನೆ ರೂವಿ ಎಂಬ ಪೇಟೆಯಲ್ಲಿತ್ತು. ಕೆಳಗೆ ಭಟ್ಕಳದವರದೊಂದು ಬಟ್ಟೆ ಅಂಗಡಿ. ಅಲ್ಲಿಯ ಯಜಮಾನರು ಅವ್ವಿಯ ಜೊತೆ ಕನ್ನಡದಲ್ಲಿ ಮಾತಾಡಿ, ಒಳಗೆ ತಿರುಗಿ ಹೆಂಡತಿಯ ಜೊತೆ ನವಾಯತಿಯಲ್ಲಿ ಮಾತಾಡುವುದನ್ನು ಕೇಳಿದರೆ ಶನಿವಾರದ ಭಟ್ಕಳ ಪೇಟೆಯಲ್ಲಿ ನಿಂತ ಹಾಗೇ ಆಗುತ್ತಿತ್ತು. ಅವ್ವಿ ದಿನಾ ಸಂಜೆ ಕೆಳಗಿಳಿದು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಬರುತ್ತಿದ್ದಳು. ಪರದೇಶ ಎಂದರೆ ಇಷ್ಟೇ ಆದರೆ ಅಡ್ಡಿಯಿಲ್ಲ ಎಂದು ಅವಳ ತೀರ್ಮಾನ.

ಅಡ್ಡಿ ಇದ್ದದ್ದು ಕುರ್ಚಿಯ ವಿಷಯದಲ್ಲಿ. ಅಲ್ಲಿ ಆಗ ಅದನ್ನು ಇಟ್ಟುಕೊಂಡವರೇ ಕಡಿಮೆ. ಕೆಳಗಿನ ಮನೆಯ ಮಕ್ಕಳೆಲ್ಲ ಅಪ್ಪನ ಮಡಿಲಲ್ಲಿ ಸ್ಟೇರಿಂಗ್ ಹಿಡಿದು ಕೂತೇ ಹೋಗುತ್ತಿದ್ದರು. ಸವಿತಾ ಮಾತ್ರ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗುವಾಗಲೂ ಕೂಸನ್ನು ಅದರಲ್ಲೇ ಕೂರಿಸಬೇಕು ಎನ್ನುತ್ತಿದ್ದಳು. ಸೊಂಟದ ಬೆಲ್ಟನ್ನು ಕುರ್ಚಿಯ ಎರಡೂ ಬದಿಯ ಕೊಕ್ಕೆಗಳ ಒಳಗೆ ಹಾಯಿಸಿ, ಹೆಗಲ ಬೆಲ್ಟನ್ನು ಕುರ್ಚಿಯ ಬೆನ್ನ ಹಿಂದಿನಿಂದ ಸುತ್ತಿ, ಎಲ್ಲೂ ಮುರಿ ಬೀಳದ ಹಾಗೆ ಚಪ್ಪಟೆ ಮಾಡಿ, ಎಳೆದು ಬಿಗಿ ಮಾಡುತ್ತಿದ್ದಳು. ಕೊನೆಗೆ ಕೊಕ್ಕೆಗಳ ಹತ್ತಿರ ಕೈಯಿಟ್ಟು ಕುರ್ಚಿಯನ್ನು ಅಲುಗಾಡಿಸುವುದು. ಒಂದು ಬೆರಳಿನ ಅಗಲಕ್ಕಿಂತ ಹೆಚ್ಚು ಅಲ್ಲಾಡಿದರೆ ಪೂರ್ತಿ ಬಿಚ್ಚಿ ಮತ್ತೆ ಶುರು.

"ಕೂಸಿಗೆ ಅಬ್ಬೆಯ ಮಡಿಲಿಗಿಂತ ಗಟ್ಟಿ ಜಾಗ ಅದೆಯಾ?" ಎಂದು ಅವ್ವಿ ಒಂದು ದಿನ ಕೇಳಿಯೇಬಿಟ್ಟಳು. "ನಿಮ್ಮಿಬ್ರನ್ನೂ ಮಡಿಲಲ್ಲಿ ಇಟ್ಕಂಡೇ ಹೊನ್ನಾವರಕ್ಕೆ ಹೋಗಿ ಬಂದೆ. ಬಿದ್ರಾ ನೀವು?"

ಸವಿತಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದಳು. ಅವಳ ಕೆಲಸ ಅಪಘಾತದ ವಾರ್ಡಿನಲ್ಲಿ. ಮಡಿಲಲ್ಲಿ ಕೂತ ಮಕ್ಕಳು ಅಲ್ಲಿಗೆ ಹ್ಯಾಗೆ ಬರುತ್ತವೆ ಎಂದು ಅವ್ವಿಗೆ ಹೇಳಲು ಬಾಯಿ ಬರುವುದಿಲ್ಲ ಎಂದಳು.

ಹಿಮ್ಮುಖದ ಕುರ್ಚಿಯ ಜೊತೆ ಅವ್ವಿ ರಾಜಿಯಾದದ್ದು ಹಾಡಿನಿಂದ. ಹಿಂದೆ ಪಕ್ಕದಲ್ಲಿ ಕೂತವರಿಗೆ ಕೂಸಿನ ಮುಖ ಎದುರಿಗೇ ಸಿಗುತ್ತದೆ ಎಂದು ಎರಡನೆಯ ಸಲ ಹೋಗುವಾಗ ಅವಳಿಗೆ ಗೊತ್ತಾಯಿತು. ಅವಳು ನೆಟ್ಟಿಯ ಹಾಡು ಶುರು ಮಾಡಿದಳು. ಗದ್ದೆಯಲ್ಲಿ ಬಗ್ಗಿ ನಿಂತು ಹಾಡುವುದನ್ನು ಏಸಿ ಕಾರಿನಲ್ಲಿ ನೆಟ್ಟಗೆ ಕೂತು ಹಾಡಿದಳು. ಕೂಸು ಕಣ್ಣು ಮಿಟುಕಿಸದೆ ಅವಳ ಬಾಯಿಯನ್ನೇ ನೋಡಿತು. ಅಂದಿನಿಂದ ಅವಳ ಜಾಗ ಅದೇ: ಹಿಂದಿನ ಸೀಟಿನ ನಡುವೆ, ಕೂಸಿನ ಪಕ್ಕ.

ನಿಜ್ವಾ ದಾರಿ

ನಾವು ಹೊರಡಲು ಸ್ವಲ್ಪ ದಿನವಿದೆ ಎನ್ನುವಾಗ ಗಣಪತಿ ನಮ್ಮನ್ನು ನಿಜ್ವಾದ ಕೋಟೆಗೆ ಕರೆದುಕೊಂಡು ಹೋದ. ಕೋಟೆ ಚೆನ್ನಾಗಿತ್ತು. ಅದನ್ನು ಬರೆಯಬೇಕು ಎಂದುಕೊಂಡರೆ ನೆನಪಿಗೆ ಬರುವುದು ಗೋಡೆಯ ನೆರಳಿನಲ್ಲಿ ಕುರ್ಚಿಯ ಸಮೇತ ಮಲಗಿದ್ದ ಕೂಸು. ಹಿಡಿಕೆ ಹಿಡಿದು ಕುರ್ಚಿಯನ್ನು ಕಾರಿನಿಂದ ಬಿಚ್ಚಿ ಕೋಟೆಯ ಒಳಗೆ ತಂದಿದ್ದೆವು.

ಕಾರು ಬಿಸಿಲಿನಲ್ಲಿ ನಿಂತಿತ್ತು. ವಾಪಸ್ ಬಂದು ಬಾಗಿಲು ತೆಗೆದರೆ ಕಪ್ಪು ಸೀಟು ಕಾವಲಿಯ ಹಾಗೆ ಕಾದಿತ್ತು. ಅವ್ವಿ ಅಂಗೈ ಇಟ್ಟು ನೋಡಿ ಥಟ್ಟನೆ ತೆಗೆದಳು. ಈ ಬಿಸಿ ಕುರ್ಚಿಯ ಅಡಿಯಿಂದ ಕೂಸಿನ ಬೆನ್ನಿಗೆ ಏರುತ್ತದೆ ಎಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿದಳು. ಅದರ ಮೇಲೆ ಕುರ್ಚಿ. ಗಣಪತಿ ಹೊರಗೆ ನಿಂತೇ ಬಗ್ಗಿ ಬೆಲ್ಟು ಸುತ್ತಿ ಎಳೆದ. ಮೆತ್ತನೆಯ ಹಾಸು ಒತ್ತಿಕೊಂಡು ಬೆಲ್ಟು ಬಿಗಿಯಾದಂತೆ ಕಂಡಿತು. ಸವಿತಾ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಕೂಸಿಗೆ ಹಾಲು ಕೊಟ್ಟು ಅವಳಿಗೂ ಸುಸ್ತು. ಅಲುಗಾಡಿಸಿ ನೋಡಿದ್ದಾಯಿತಾ ಎಂದು ಕೇಳಿದಳು. ಗಟ್ಟಿ ಅದೆ ಎಂದ ಗಣಪತಿ. ಸುಳ್ಳಲ್ಲ. ಆಗ ಗಟ್ಟಿಯಾಗಿಯೇ ಇತ್ತು.

ಅವ್ವಿ ಹಾಡುತ್ತಿದ್ದಳು. ಎರಡೂ ಬದಿಗೆ ಗುಡ್ಡ, ನೇರ ದಾರಿ. ಒಂಟೆ ಎಲ್ಲಿಂದ ಬಂತು ಎಂದು ನಾನು ನೋಡಲಿಲ್ಲ. ಗಣಪತಿ ಏನೋ ಅಂದ, ಬ್ರೇಕು ಚೀರಿತು. ನನ್ನ ಬೆಲ್ಟು ಎದೆಗೆ ಕಚ್ಚಿ ಹಿಡಿಯಿತು. ಅವ್ವಿ ಬೆಲ್ಟು ಹಾಕಿರಲಿಲ್ಲ. ಅವಳ ಎರಡೂ ಕೈ ಕೂಸಿನ ಕಡೆಗೆ ಹೋದದ್ದನ್ನು ನಾನು ಕಂಡೆ. ಕೈ ತಲುಪುವ ಮೊದಲೇ ಅವಳೇ ಮುಂದಿನ ಎರಡು ಸೀಟುಗಳ ನಡುವೆ ಹೋಗಿ ಬಿದ್ದಳು. ಕೌದಿ ಸೀಟಿನಿಂದ ಜಾರಿತು. ಅದರ ಜೊತೆ ಕುರ್ಚಿಯೂ ಜಾರಿ, ಬಾಗಿಲಿನ ಕಡೆಗೆ ವಾಲಿ, ಸವಿತಾಳ ಸೀಟಿನ ಬೆನ್ನಿಗೆ ಬಡಿದು ಸಿಕ್ಕಿಕೊಂಡಿತು. ಬೆಲ್ಟು ಬಿಗಿ ಇಲ್ಲದೆ ಜೋಲುತ್ತಿತ್ತು.

ಒಂಟೆ ನಮ್ಮ ಬಾನೆಟ್ಟಿನ ಮುಂದೆಯೇ ನಿಂತು ಒಮ್ಮೆ ನೋಡಿ, ನಿಧಾನಕ್ಕೆ ದಾಟಿ ಹೋಯಿತು.

ಕೂಸಿನ ಸದ್ದೇ ಇರಲಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೋ, ನಾನಿನ್ನೂ ಅದರೊಳಗೇ ಇದ್ದೇನೆ. ಆಮೇಲೆ ಅದು ಅತ್ತಿತು. ಸವಿತಾ ಇಳಿದು ಹಿಂದಿನ ಬಾಗಿಲು ತೆಗೆದು ಮೊದಲು ಕುತ್ತಿಗೆ, ಆಮೇಲೆ ಕೈಕಾಲು, ಕಣ್ಣು, ಹೊಟ್ಟೆ ಮುಟ್ಟಿ ನೋಡಿದಳು. ಅವಳ ಕೈ ನರ್ಸಿನದಾಗಿತ್ತು, ಮುಖ ನರ್ಸಿನದಾಗಿರಲಿಲ್ಲ. ಕುರ್ಚಿಯ ಒಳಗಿನ ಪಟ್ಟಿಗಳು ಭುಜಕ್ಕೆ ಬಿಗಿಯಾಗಿದ್ದರಿಂದ ಕೂಸು ಹೊರಗೆ ಬಂದಿರಲಿಲ್ಲ. ಕೆನ್ನೆಯ ಮೇಲೆ ಬಟ್ಟೆಯ ಗುರುತು, ಅಷ್ಟೇ. ಅವ್ವಿಯ ಹಣೆಯ ಮೇಲೆ ನಿಂಬೆ ಗಾತ್ರದ ಬಾವು ಎದ್ದಿತ್ತು.

ನಮ್ಮ ಹಿಂದೆ ಒಂದು ಪಿಕಪ್ ಬಂದು ನಿಂತಿತು. ತಲೆಗೆ ಬಣ್ಣದ ರುಮಾಲು ಸುತ್ತಿದ ಮುದುಕರೊಬ್ಬರು ಇಳಿದರು. ಏನಾಯಿತು ಎಂದು ಕೇಳಲೇ ಇಲ್ಲ. ಹಿಂದಿನಿಂದ ಬರುವ ಗಾಡಿಗಳಿಗೆ ಕಾಣುವಂತೆ ತಮ್ಮ ಗಾಡಿಯನ್ನು ಅಡ್ಡ ಇಟ್ಟು ದೀಪ ಮಿನುಗಿಸಿದರು. ಕೂಸನ್ನು ನೋಡಿ "ಅಲ್ಹಮ್ದುಲಿಲ್ಲಾ" ಎಂದರು. ಭಟ್ಕಳ ಪೇಟೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು, ಅವ್ವಿ ತಲೆಯಾಡಿಸಿದಳು. ಆಮೇಲೆ ಅವರು ಫ್ಲಾಸ್ಕಿನಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟರು. ಆ ದೇಶದಲ್ಲಿ ಸಾಕು ಎಂದು ಬಾಯಲ್ಲಿ ಹೇಳುವುದಿಲ್ಲ. ಬಟ್ಟಲನ್ನು ಅತ್ತಿತ್ತ ಅಲುಗಾಡಿಸಿದರೆ ಸಾಕು ಎಂದರ್ಥ. ಇಲ್ಲವಾದರೆ ಬಗ್ಗಿಸುತ್ತಲೇ ಇರುತ್ತಾರೆ. ಅವ್ವಿಯ ಕೈ ನಡುಗುತ್ತಿತ್ತು, ಬಟ್ಟಲೂ ನಡುಗುತ್ತಿತ್ತು. ಮುದುಕರು ಮರ್ಯಾದೆಯಿಂದ ಅದನ್ನು ವಾಪಸ್ ತೆಗೆದುಕೊಂಡರು. ಅವಳು ಒಂದು ಗುಟುಕನ್ನೂ ಕುಡಿದಿರಲಿಲ್ಲ.

ಅಲ್ಲಿಂದ ಮನೆಯವರೆಗೆ ಅವ್ವಿ ಹಾಡಲಿಲ್ಲ.

ಮತ್ತೆ ರೂವಿ

ಬೈದಿದ್ದರೆ ಚೆನ್ನಾಗಿತ್ತು. ಸವಿತಾ ಬೈಯಲಿಲ್ಲ. ಊಟ ಬಡಿಸಿದಳು, ಅವ್ವಿಯ ಹಣೆಗೆ ಐಸ್ ಇಟ್ಟಳು. ನಾಲ್ಕನೆಯ ದಿನ ಇರಬೇಕು, ಬಟ್ಟೆ ಮಡಚುತ್ತ, ತಾನು ಕೆಲಸ ಬಿಡುವ ಯೋಚನೆಯಲ್ಲಿದ್ದೇನೆ ಎಂದಳು. ಕೂಸನ್ನು ಕಳಿಸುವುದು ಬೇಡ ಅಂತ ಅನಿಸುತ್ತಿದೆ ಎಂದಳು. ಆ ಮಾತನ್ನು ಅವಳು ಮಡಚುತ್ತಿದ್ದ ಬಟ್ಟೆಗೆ ಹೇಳಿದಳೇ ಹೊರತು ನಮ್ಮ ಮುಖ ನೋಡಲಿಲ್ಲ.

ಅವ್ವಿ ಆ ನಾಲ್ಕು ದಿನವೂ ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಿದ್ದಳು, ಆದರೆ ಒಮ್ಮೆಯೂ ಮಡಿಲಲ್ಲಿ ಇಟ್ಟುಕೊಂಡು ಕೂತಿರಲಿಲ್ಲ. ಮಿಂದ ಕೂಡಲೇ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು.

"ಬಿಡ್ಬೇಡ" ಎಂದಳು ಅವ್ವಿ. "ನಾನು ಹೇಳೂದು ಕೇಳು ಮಗಾ. ಕೌದಿ ಹಾಕಿದ್ದು ನಾನು. ಅದು ಆತು. ಅದ್ಕಿಂತ ದೊಡ್ಡದು ಒಂದು ಅದೆ. ನಾನೇ ಮುಂದೆ ಹೋಗಿ ಬಿದ್ದೆ. ಕೂಸು ನನ್ನ ಮಡಿಲಲ್ಲಿ ಇದ್ದಿದ್ರೆ ನನ್ನ ಮುಂದೆ ಇರ್ತಿತ್ತು. ನಾನು ಅದ್ರ ಮೇಲೆ ಬೀಳ್ತಿದ್ದೆ."

ವಾರ್ಡಿನಲ್ಲಿ ಕಂಡದ್ದನ್ನು ಹೇಳಲು ಸವಿತಾಳಿಗೆ ಇಷ್ಟು ದಿನ ಬಾಯಿ ಬಂದಿರಲಿಲ್ಲ. ಅವ್ವಿ ತನ್ನ ಹಣೆಯ ಬಾವಿನಿಂದಲೇ ಅದನ್ನು ತಿಳಿದುಕೊಂಡಿದ್ದಳು.

ಸಂಜೆ ಬಿಸಿಲು ಇಳಿದ ಮೇಲೆ ಸವಿತಾ ಕುರ್ಚಿಯನ್ನು ಕಾರಿನಿಂದ ಪೂರ್ತಿ ಬಿಚ್ಚಿ ಅವ್ವಿಯ ಮುಂದೆ ಇಟ್ಟಳು. "ನೀನೇ ಕಟ್ಟು" ಎಂದಳು. "ನಾನು ಎಂತದೂ ಹೇಳೂದಿಲ್ಲ."

ಬಟ್ಟೆ ಅಂಗಡಿಯ ಯಜಮಾನರು ಅಂಗಡಿಯ ಬಾಗಿಲಿಗೆ ಬಂದು ನಿಂತರು. ಅವ್ವಿ ಕುರ್ಚಿಯನ್ನು ಸೀಟಿನ ಮೇಲೆ ಹಿಮ್ಮುಖವಾಗಿ ಇಟ್ಟಳು. ಇಷ್ಟು ದಿನ ಪಕ್ಕದಲ್ಲಿ ಕೂತು ನೋಡಿದ್ದು ಅವಳಿಗೆ ನೆನಪಿತ್ತು: ಸೊಂಟದ ಪಟ್ಟಿ ಕೊಕ್ಕೆಗಳ ಒಳಗೆ, ಹೆಗಲ ಪಟ್ಟಿ ಬೆನ್ನ ಹಿಂದೆ, ಚಿಟಕ್ಕೆಂದು ಬಕಲ್. ಬೆರಳಿನಿಂದ ಸವರಿ ಮುರಿ ಬಿಡಿಸಿದಳು. ಎಳೆದಳು. ಅಲುಗಾಡಿಸಿದಳು. ಕುರ್ಚಿ ಕೈಗೆ ಬಂದಂತೆ ಕುಣಿಯಿತು. ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೂ ಅಷ್ಟೇ. ಸವಿತಾ ತುಟಿ ಕಚ್ಚಿ ನಿಂತಿದ್ದಳು.

ಅವ್ವಿ ಹಿಂದೆ ಸರಿದು ನಿಂತು ಸ್ವಲ್ಪ ಹೊತ್ತು ಅದನ್ನು ನೋಡಿದಳು. ಆಮೇಲೆ ಸೀರೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಟ್ಟಿ, ಕಾರಿನೊಳಗೆ ಹತ್ತಿದಳು. ಖಾಲಿ ಕುರ್ಚಿಯೊಳಗೆ ಮೊಣಕಾಲು ಊರಿದಳು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಕುರ್ಚಿ ಸೀಟಿನೊಳಗೆ ಹುಗಿದುಕೊಂಡಿತು. ಆಗ ಹೆಗಲ ಪಟ್ಟಿಯನ್ನು ಎಳೆದಳು, ಉಳಿದ ಸಡಿಲನ್ನೆಲ್ಲ ಮೇಲಕ್ಕೆ ಹೋಗಲು ಬಿಟ್ಟಳು, ಮತ್ತೊಮ್ಮೆ ಎಳೆದಳು, ಆಮೇಲೆ ಮೊಣಕಾಲು ತೆಗೆದಳು.

"ಹುಲ್ಲು ಹೊರೆ ಕಟ್ಟೂದಲ್ದಾ ಇದು" ಎಂದಳು ಏದುಸಿರಿನಲ್ಲಿ. "ಮೊಣಕಾಲು ಊರದೆ ಹಗ್ಗ ಎಳೆದ್ರೆ ಗದ್ದೆ ದಾಟೂದ್ರೊಳಗೆ ಬಿಚ್ಚಿ ಹೋಗ್ತದೆ."

ಸವಿತಾ ಬಗ್ಗಿ ಕೊಕ್ಕೆಗಳ ಹತ್ತಿರ ಹಿಡಿದು ಜಗ್ಗಿದಳು. ಕುರ್ಚಿಯ ಜೊತೆ ಕಾರೇ ಅಲ್ಲಾಡಿತು. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಅಲ್ಲೇ ಬಾಗಿಲಿಗೆ ಒರಗಿ ಅತ್ತಳು. ಯಜಮಾನರು ಮೆಲ್ಲಗೆ ಅಂಗಡಿಯೊಳಗೆ ಹೋದರು. ಅವ್ವಿ ಕೌದಿಯನ್ನು ತೋರಿಸಿ, ಇದನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದಳು.

"ತಕಂಡು ಹೋಗು" ಎಂದಳು ಸವಿತಾ ಮೂಗು ಒರೆಸಿಕೊಳ್ಳುತ್ತ. "ಪಟ್ಟಿ ಎಲ್ಲಾ ಹಾಕಿ ಆದ ಮೇಲೆ ಮೇಲಿಂದ ಹೊದಿಸು. ಅಡಿಗೆ ಬೇಡ."

ಆಕಾಶದಲ್ಲಿ

ವಿಮಾನದಲ್ಲಿ ಕೂಸಿಗೆ ಬೇರೆ ಜಾಗವಿರಲಿಲ್ಲ. ಕುರ್ಚಿ ಸಾಮಾನಿನ ಜೊತೆ ಹೋಯಿತು. ಗಗನಸಖಿ ಬಂದು ಕೂಸನ್ನು ಮಡಿಲಲ್ಲಿ ಇಟ್ಟುಕೊಳ್ಳಿ ಎಂದು ನಗುತ್ತ ಹೇಳಿ ಹೋದಳು. ಅವ್ವಿ ಕಿಟಕಿಯಿಂದ ಕೆಳಗೆ ನೋಡಿ, "ಇಷ್ಟು ಎತ್ತರದಲ್ಲಿ ಮಡಿಲೇ ಸಾಕಂತೆ. ಇವರಿಗೆ ಸವಿತಾ ಹತ್ರ ಪಾಠ ಆಗ್ಬೇಕು" ಎಂದಳು. ಅಷ್ಟು ದಿನಗಳ ಮೇಲೆ ಅವಳ ಬಾಯಲ್ಲಿ ನಗೆಮಾತು ಕೇಳಿದ್ದು ಆಗಲೇ. ಆದರೂ ಹಾಡಲಿಲ್ಲ. ಕೂಸು ಅವಳ ಬಾಯಿ ನೋಡುತ್ತ ನೋಡುತ್ತ ನಿದ್ದೆ ಹೋಯಿತು.

ಭಟ್ಕಳ ಸ್ಟೇಷನ್

ರೈಲು ಇಳಿದಾಗ ಬೆಳಗಿನ ಬಿಸಿಲು. ಸ್ಟೇಷನ್ನಿನ ಹೊರಗೆ ರಿಕ್ಷಾದವರು ಮುತ್ತಿಕೊಂಡರು. ಶಿರಾಲಿ ಅಲ್ಲೇ ಪಕ್ಕದ ಊರು, ರಿಕ್ಷಾಕ್ಕೆ ಹೇಳಿ ಮಾಡಿಸಿದ ದಾರಿ. ಅವ್ವಿ ಒಂದು ಕೈಯಲ್ಲಿ ಕುರ್ಚಿ ಹಿಡಿದು, ಹಿಂದೆ ಬೆಲ್ಟಿರುವ ಕಾರು ಬೇಕು ಎಂದಳು. ಮುಂದೆ ಇದ್ದರೆ ಆಗುವುದಿಲ್ಲ, ಹಿಂದೆಯೇ ಬೇಕು. ಸೊಂಟಕ್ಕೂ ಹೆಗಲಿಗೂ ಎರಡಕ್ಕೂ ಇರಬೇಕು.

ಮೊದಲ ಟ್ಯಾಕ್ಸಿಯಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಬರೀ ಸೊಂಟಕ್ಕೆ ಇತ್ತು. ಒಬ್ಬ ರಿಕ್ಷಾದವ, "ಅಬ್ಬೇ, ನೀವು ಶಿರಾಲಿಗೆ ಹೋಗೂದಾ, ಚಂದ್ರನಿಗೆ ಹೋಗೂದಾ?" ಎಂದ. ಉಳಿದವರು ನಕ್ಕರು. ಚಂದ್ರನಿಗೆ ಆದರೆ ಅವನ ರಿಕ್ಷಾ ಸಾಕು, ಅಲ್ಲಿ ಅದಿರಿನ ಲಾರಿ ಓಡುವುದಿಲ್ಲ ಎಂದು ಅವ್ವಿ ಹೇಳಿದ ಮೇಲೆ ನಗೆ ಅವನ ಕಡೆಗೆ ತಿರುಗಿತು. ಬಿಸಿಲು ಏರಿತು. ಕೂಸು ನನ್ನ ಹೆಗಲ ಮೇಲೆ ಕೊಸರಾಡಿತು. ಹೋಗಲಿ, ಇದೊಂದು ಸಲ ಎಂಬ ಮಾತು ನನ್ನ ಬಾಯಿಯ ತನಕ ಬಂತು. ಅವಳ ಹಣೆಯ ಮೇಲೆ ಇನ್ನೂ ಮಾಯದ ಹಳದಿ ಗುರುತು ನೋಡಿ ನುಂಗಿಕೊಂಡೆ.

ಕೊನೆಗೆ ಬೆಳಕೆಯ ಕಡೆಯ ಒಬ್ಬ ಡ್ರೈವರ್ ತನ್ನ ಕಾರು ಹೊಸದು, ಹಿಂದೆ ಬೆಲ್ಟು ಎಲ್ಲೋ ಇರಬೇಕು ಎಂದ. ಸೀಟಿನ ಕವರಿನ ಅಡಿಗೆ ಕೈ ಹಾಕಿ ಹುಡುಕಿದ. ಕಡಲೆ ಸಿಪ್ಪೆ, ಒಂದು ಬಾಚಣಿಗೆ, ಆಮೇಲೆ ಬಕಲ್ ಹೊರಬಂತು. ಯಾರೂ ಯಾವತ್ತೂ ಅದನ್ನು ಎಳೆದಿರಲಿಲ್ಲ. ಅವ್ವಿ ಜಾರುವ ಕವರನ್ನು ಕೂಡ ತೆಗೆಸಿ, ಸೀರೆ ಎತ್ತಿ ಕಟ್ಟಿ, ಎಲ್ಲ ರಿಕ್ಷಾದವರ ಎದುರಿಗೆ ಕಾರಿನೊಳಗೆ ಹತ್ತಿ ಮೊಣಕಾಲು ಊರಿದಳು. ಆಗ ಯಾರೂ ನಗಲಿಲ್ಲ. ಅಲುಗಾಡಿಸಿದಳು. ನನಗೂ ಅಲುಗಾಡಿಸಿ ನೋಡಲು ಹೇಳಿದಳು. ಆಮೇಲೆ ಕೈ ಚಾಚಿದಳು.

"ಆತು. ಕೂಸನ್ನ ಕೊಡು."

ಪಟ್ಟಿಗಳನ್ನು ಭುಜಕ್ಕೆ ಬಿಗಿ ಮಾಡಿ, ಕೌದಿಯನ್ನು ಮೇಲಿಂದ ಕಾಲಿಗೆ ಹೊದಿಸಿ, ನಡುವೆ ಕೂತು ತನ್ನ ಬೆಲ್ಟನ್ನೂ ಹುಡುಕಿ ಹಾಕಿಕೊಂಡಳು. ಹೆದ್ದಾರಿಗೆ ಬಂದೆವು. ಎಡಕ್ಕೆ ಗದ್ದೆ ಹಸಿರಾಗಿತ್ತು. ಕೂಸು ದಾರಿಗೆ ಬೆನ್ನು ಹಾಕಿ ಅವಳ ಬಾಯಿಯನ್ನೇ ನೋಡುತ್ತಿತ್ತು. ಅವಳು ಗಂಟಲು ಸರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ನೆಟ್ಟಿಯ ಹಾಡು ಎತ್ತಿದಳು.

ಶಿರಾಲಿ ಹತ್ತಿರ ಬಂದಾಗ ದನವೊಂದು ರಸ್ತೆಗೆ ಇಳಿಯಿತು. ಡ್ರೈವರ್ ಬ್ರೇಕ್ ಒತ್ತಿದ. ನನ್ನ ಬಲಗೈ ಚಾಚಿತು. ಹಾಡು ನಡುವೆಯೇ ನಿಂತಿತು. ನಾವಿಬ್ಬರೂ ಕುರ್ಚಿಯನ್ನು ನೋಡಿದೆವು. ಅದು ಇದ್ದಲ್ಲೇ ಇತ್ತು. ಕೂಸು ಮಾತ್ರ, ಹಾಡು ಯಾಕೆ ನಿಂತಿತು ಎಂಬಂತೆ ಹುಬ್ಬು ಗಂಟು ಹಾಕಿತ್ತು.

ಅವ್ವಿ ಬಿಟ್ಟ ಸಾಲಿನಿಂದಲೇ ಮುಂದೆ ಹಾಡಿದಳು.